ಅಲ್ಲಾಡದೆ ಕೂತ ಕಪ್ಪೆ: ನಿದ್ದೆಯೋ ಕಾಯಿಲೆಯೋ ಪತ್ತೆ ಮಾಡುವ ಬಗೆ

"ಮೂರು ದಿನದಿಂದ ಅಲ್ಲಾಡಿಲ್ಲ, ಏನೂ ತಿಂದಿಲ್ಲ. ಚಳಿಗಾಲ ಅಲ್ವಾ, ಶಿಶಿರನಿದ್ರೆಗೆ ಹೋಗಿರಬೇಕು." ಸಾಕಿದ ಕಪ್ಪೆಯ ಜೀವ ತೆಗೆಯುವ ಊಹೆ ಇದು. ಕಪ್ಪೆಗೆ ತಿಂಗಳು ವಾರ ಗೊತ್ತಿಲ್ಲ. ಮೈ ತಣ್ಣಗಾದರೆ ಮಂಕಾಗುತ್ತದೆ, ಕೆಲವು ಜಾತಿಗಳು ಮಣ್ಣು ಒಣಗಿದರೆ ಮಂಕಾಗುತ್ತವೆ. ತೊಟ್ಟಿ 25 ಡಿಗ್ರಿ ಬೆಚ್ಚಗಿದ್ದು, ನೆಲ ತೇವವಾಗಿದ್ದು, ಆದರೂ ಕಪ್ಪೆ ಸಪ್ಪಗೆ ಬಿದ್ದಿದೆ ಎಂದರೆ ಅದು ಕಾಯಿಲೆ. ತೊಟ್ಟಿ 16 ಡಿಗ್ರಿಗೆ ಇಳಿದಿದೆ, ಒಳಗಿರುವುದು ಉಷ್ಣವಲಯದ ಕಪ್ಪೆ ಎಂದರೆ ಕೆಟ್ಟಿರುವುದು ಹೀಟರ್. ಕಪ್ಪೆಯ ಮೇಲೆ ಗೂಬೆ ಕೂರಿಸಬೇಡಿ. ಇಲ್ಲಿ ಹೇಳುವ ತಾಪಮಾನವೆಲ್ಲ ಸೆಲ್ಸಿಯಸ್‌ನಲ್ಲಿ.

ಮೊದಲ ಹತ್ತು ನಿಮಿಷ

ಔಷಧಿ ಹುಡುಕುವ ಮೊದಲು ನಾಲ್ಕು ಅಳತೆ ತೆಗೆದುಕೊಳ್ಳಿ.

ಒಂದು, ತಾಪಮಾನ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಗಾಜಿನ ಬಿಸಿಯನ್ನು ಹೇಳುತ್ತದೆ, ಕಪ್ಪೆಯದನ್ನಲ್ಲ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಥರ್ಮಾಮೀಟರನ್ನು ಕಪ್ಪೆ ಕೂತ ಜಾಗದಲ್ಲೇ ಇಡಿ. ರಾತ್ರಿಯ ಕನಿಷ್ಠ ತಾಪಮಾನವನ್ನೂ ನೋಡಿ. ಹಗಲು ಎಲ್ಲ ಸರಿ ಇದ್ದು ಬೆಳಗಿನ ಜಾವ ಐದಾರು ಡಿಗ್ರಿ ಕುಸಿಯುವ ತೊಟ್ಟಿಗಳು ಬೇಕಾದಷ್ಟಿವೆ.

ಎರಡು, ನೀರು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು. ಪಿಎಚ್ 6.5ರಿಂದ 8ರೊಳಗೆ ಇದ್ದರೆ ಸಾಕು. ಆದರೆ ಪಿಎಚ್ ಮತ್ತು ತಾಪಮಾನ ಏರಿದಂತೆಲ್ಲ ಅದೇ ಪ್ರಮಾಣದ ಅಮೋನಿಯ ಹೆಚ್ಚು ವಿಷವಾಗುತ್ತದೆ ಎಂಬುದು ನೆನಪಿರಲಿ.

ಮೂರು, ತೂಕ. ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಆದ್ದರಿಂದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ಕಪ್ಪೆಯನ್ನು ಒಳಗಿಡಿ. 0.1 ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಹೊಸಬರು ಇಲ್ಲಿ ಒಂದು ಕಡೆ ಎಡವುತ್ತಾರೆ. ಕಪ್ಪೆ ಮೂತ್ರಕೋಶದಲ್ಲಿ ಬಹಳ ನೀರು ಸಂಗ್ರಹಿಸಿಟ್ಟುಕೊಂಡಿರುತ್ತದೆ, ಕೈಗೆತ್ತಿಕೊಂಡ ಕೂಡಲೇ ಅದನ್ನು ಬಿಟ್ಟುಬಿಡುತ್ತದೆ. ನಿನ್ನೆ 52 ಗ್ರಾಂ ಇದ್ದದ್ದು ಇವತ್ತು 47 ಎಂದು ಗಾಬರಿಯಾಗುವ ಮೊದಲು, ನಿನ್ನೆ ಅದು ಮೂತ್ರ ಬಿಡುವ ಮೊದಲು ತೂಗಿದ್ದಿರೋ ಆಮೇಲೋ ಎಂದು ಯೋಚಿಸಿ. ಪ್ರತಿ ಸಲವೂ ಬಿಟ್ಟ ಮೇಲೆಯೇ ತೂಗಿ, ತಾರೀಖಿನ ಜತೆ ಬರೆದಿಡಿ.

ನಾಲ್ಕು, ಮಗುಚಿ ನೋಡುವುದು. ಒದ್ದೆ ಕೈಗವಸು ಹಾಕಿಕೊಂಡು ಕಪ್ಪೆಯನ್ನು ಮೆಲ್ಲಗೆ ಬೆನ್ನ ಮೇಲೆ ಮಲಗಿಸಿ. ಆರೋಗ್ಯವಾಗಿರುವ, ಬೆಚ್ಚಗಿರುವ ಕಪ್ಪೆ ನಿಮ್ಮ ಕೈ ಬಿಡುವಷ್ಟರಲ್ಲಿ ಮಗುಚಿಕೊಂಡಿರುತ್ತದೆ. ಒದ್ದಾಡಿ, ನಿಂತು, ಮತ್ತೆ ಒದ್ದಾಡಿ ಮಗುಚಿಕೊಂಡರೆ ಕಾಯಿಲೆ ಮುಂದುವರಿದಿದೆ. ಮಗುಚಿಕೊಳ್ಳದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಮೂಳೆ ಮುರಿದ ಅನುಮಾನವಿದ್ದರೆ ಈ ಪರೀಕ್ಷೆ ಬೇಡ. ತಣ್ಣಗಿರುವ ಕಪ್ಪೆಗೆ ಇದು ಅರ್ಥವಿಲ್ಲದ್ದು. ಬೆನ್ನ ಮೇಲಿರುವಾಗಲೇ ಹೊಟ್ಟೆ, ತೊಡೆಯ ಒಳಭಾಗ ಮತ್ತು ಕಾಲ್ಬೆರಳ ಸಂದು ನೋಡಿಕೊಂಡುಬಿಡಿ.

ಬರಿಗೈ ಬೇಡ. ಸೋಪು, ಕ್ರೀಮು, ಕೈಯ ಉಪ್ಪು ಎಲ್ಲವನ್ನೂ ಅದರ ಚರ್ಮ ಹೀರುತ್ತದೆ. ಕಪ್ಪೆ ಸಾಮಾನ್ಯವಾಗಿ ಬಾಯಿಂದ ನೀರು ಕುಡಿಯುವುದಿಲ್ಲ; ಹೊಟ್ಟೆಯ ಕೆಳಗೆ, ತೊಡೆಗಳ ನಡುವಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಮುಂದೆ ಬರುವ ಅರ್ಧದಷ್ಟು ತೊಂದರೆಗಳ ಮೂಲ ಇಲ್ಲೇ ಇದೆ.

ಯಾವ ಕಪ್ಪೆಗೆ ಎಷ್ಟು ಬಿಸಿ

ಪ್ಯಾಕ್‌ಮನ್ ಕಪ್ಪೆ (ದಕ್ಷಿಣ ಅಮೆರಿಕದ ಕೊಂಬಿನ ಕಪ್ಪೆ) 24ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. 20ರ ಕೆಳಗೆ ತಿನ್ನುವುದು ನಿಲ್ಲಿಸಿ ಮಣ್ಣಿಗಿಳಿಯುತ್ತದೆ. ವೈಟ್ಸ್ ಮರಗಪ್ಪೆ, ಕೆಂಗಣ್ಣಿನ ಮರಗಪ್ಪೆ, ಡಾರ್ಟ್ ಕಪ್ಪೆ ಇವೂ ಬೆಚ್ಚಗಿನ ನಾಡಿನವು, ಶಿಶಿರನಿದ್ರೆ ಮಾಡಿಸಲೆಂದು ಇವನ್ನು ಫ್ರಿಜ್‌ನಲ್ಲಿಟ್ಟರೆ ಸಾಯುತ್ತವೆ. ಆಫ್ರಿಕದ ಉಗುರು ಕಪ್ಪೆ, ಅಂದರೆ ಜೆನೊಪಸ್, ಇದಕ್ಕೆ ತಿರುಗುಮುರುಗು. 16ರಿಂದ 24 ಡಿಗ್ರಿಯ ನೀರು ಅದಕ್ಕೆ ಹಿತ; ಮೀನಿನ ತೊಟ್ಟಿಯ ಹೀಟರ್ ಹಾಕಿ 28ಕ್ಕೆ ಏರಿಸಿ, ಆಮೇಲೆ "ಮಂಕಾಗಿದೆ" ಎನ್ನುವುದು ಸಾಮಾನ್ಯ ತಪ್ಪು.

ಮಣ್ಣಿನಲ್ಲಿ ಹೂತುಕೊಂಡು ಮೈ ಒಣಗಿದ್ದರೆ

ಪ್ಯಾಕ್‌ಮನ್ ಮತ್ತು ಪಿಕ್ಸಿ (ಆಫ್ರಿಕದ ಬುಲ್‌ಫ್ರಾಗ್) ಕಪ್ಪೆಗಳದು ಶಿಶಿರನಿದ್ರೆಯಲ್ಲ, ಗ್ರೀಷ್ಮನಿದ್ರೆ. ನೆಲ ಒಣಗಿದಾಗ ಅವು ಮಣ್ಣಿಗಿಳಿದು, ಪೊರೆಯ ಮೇಲೆ ಪೊರೆ ಬಿಟ್ಟು, ಹಳೆ ಕಾಗದದಂಥ ಕವಚವೊಂದನ್ನು ಮೈಸುತ್ತ ಕಟ್ಟಿಕೊಳ್ಳುತ್ತವೆ. ಮುಟ್ಟಿದರೆ ಸತ್ತ ಹಾಗೆ ಗಟ್ಟಿ. ಇದು ಕಾಯಿಲೆಯಲ್ಲ, ನಿಮ್ಮ ತೊಟ್ಟಿ ಒಣಗಿದೆ ಎಂಬ ದೂರು.

ಕವಚವನ್ನು ಕೈಯಿಂದ ಸುಲಿಯಬೇಡಿ, ಕೆಳಗಿನ ಚರ್ಮವೂ ಕಿತ್ತುಬರುತ್ತದೆ. ಕ್ಲೋರಿನ್ ತೆಗೆದ, 24–25 ಡಿಗ್ರಿಯ ನೀರನ್ನು ಗಲ್ಲಕ್ಕಿಂತ ಕೆಳಗೆ ನಿಲ್ಲುವಷ್ಟು ಹಾಕಿ, ಅದರಲ್ಲಿ ಕೂರಿಸಿ. ಇಲ್ಲೊಂದು ಎಚ್ಚರಿಕೆ: ನಮಗೆ ಉಗುರುಬೆಚ್ಚಗೆ ಅನ್ನಿಸುವ ನೀರು 35–37 ಡಿಗ್ರಿ ಇರುತ್ತದೆ, ಅದು ಕಪ್ಪೆಗೆ ಬೇಯುವ ಬಿಸಿ. ಕೈಗೆ ತುಸು ತಣ್ಣಗೆನ್ನಿಸುವ ನೀರೇ ಅದಕ್ಕೆ ಸರಿ. ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಕವಚ ಮೆತ್ತಗಾಗಿ, ಕಪ್ಪೆ ಬಾಯಿ ಅಗಲಿಸಿ ಅದನ್ನು ಎಳೆದೆಳೆದು ತಾನೇ ನುಂಗುತ್ತದೆ. ನುಂಗಲಿ ಬಿಡಿ. ತೆಂಗಿನ ನಾರಿನ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಯ ನೆಲಕ್ಕೆ ಅಷ್ಟು ತೇವ ಸಾಕು. ಎರಡು ದಿನ ಬಿಟ್ಟು ಒಂದು ಎರೆಹುಳು ಕೊಡಿ.

ನೀರಿನ ಬಟ್ಟಲು ಬಿಟ್ಟು ಏಳದಿದ್ದರೆ

ಮರಗಪ್ಪೆ ಹಗಲಿಡೀ ನೀರಲ್ಲಿ ಕೂತಿದೆ, ಹಿಂಗಾಲು ಮಡಚದೆ ಚಾಚಿಕೊಂಡಿದೆ, ಪೊರೆಯ ಚೂರುಗಳು ನೀರಲ್ಲಿ ತೇಲುತ್ತಿವೆ, ಹೊಟ್ಟೆಯ ಚರ್ಮ ಗುಲಾಬಿಯಾಗಿದೆ. ಇಷ್ಟೂ ಒಟ್ಟಿಗೆ ಕಂಡರೆ ಕೈಟ್ರಿಡ್ ಶಿಲೀಂಧ್ರವನ್ನು ಮೊದಲು ಅನುಮಾನಿಸಿ.

ಬ್ಯಾಟ್ರಾಕೋಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂಬ ಈ ಶಿಲೀಂಧ್ರಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1999ರಲ್ಲಿ. ಇದು ಚರ್ಮದ ಮೇಲ್ಪದರದ ಕೆರಾಟಿನ್ ಇರುವ ಕೋಶಗಳಲ್ಲಿ ಬೆಳೆಯುತ್ತದೆ. ಚರ್ಮ ದಪ್ಪವಾಗಿ, ಅದರ ಮೂಲಕ ಸೋಡಿಯಂ, ಪೊಟ್ಯಾಸಿಯಂ ಒಳಹೋಗುವ ದಾರಿ ಕೆಡುತ್ತದೆ, ರಕ್ತದ ಲವಣಗಳು ಕುಸಿದು ಕೊನೆಗೆ ಹೃದಯ ನಿಲ್ಲುತ್ತದೆ. ಹೊರಗೆ ಗಾಯವೇ ಕಾಣದೆ ಕಪ್ಪೆ ಸಾಯುವುದು ಇದರಿಂದಲೇ. ಶಿಲೀಂಧ್ರ ಹುಲುಸಾಗಿ ಬೆಳೆಯುವುದು 17ರಿಂದ 25 ಡಿಗ್ರಿಯಲ್ಲಿ. 28ರ ಮೇಲೆ ಬೆಳವಣಿಗೆ ನಿಲ್ಲುತ್ತದೆ. ಹಾಗೆಂದು ಸಿಕ್ಕ ಕಪ್ಪೆಯನ್ನೆಲ್ಲ ಬಿಸಿ ಮಾಡುವಂತಿಲ್ಲ, ತಂಪು ನಾಡಿನ ಕಪ್ಪೆ ಶಿಲೀಂಧ್ರಕ್ಕಿಂತ ಮೊದಲೇ ಸಾಯುತ್ತದೆ.

ಕಣ್ಣಿನಿಂದ ನೋಡಿ ಇದನ್ನು ಖಚಿತಪಡಿಸಲಾಗದು. ಹೊಟ್ಟೆ, ತೊಡೆ, ಬೆರಳ ಸಂದುಗಳ ಮೇಲೆ ಹತ್ತಿಕಡ್ಡಿ ಆಡಿಸಿ ಶಿಲೀಂಧ್ರದ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಎಂದರೆ ಶಿಲೀಂಧ್ರನಾಶಕ ಇಟ್ರಕೊನಾಜೋಲ್‌ನ ತೀರ ತೆಳು ದ್ರಾವಣದ ಸ್ನಾನ: ದಿನಕ್ಕೆ 5 ನಿಮಿಷ, ಸುಮಾರು 11 ದಿನ ಸತತವಾಗಿ. ದ್ರಾವಣ ಎಷ್ಟು ತೆಳುವಿರಬೇಕು ಎಂದು ವೈದ್ಯರೇ ಹೇಳಬೇಕು. ಗೊದಮೊಟ್ಟೆಗಳಿಗೂ ಆಗಷ್ಟೇ ಕಪ್ಪೆಯಾದ ಮರಿಗಳಿಗೂ ಈ ಔಷಧಿಯೇ ವಿಷವಾಗಬಹುದು. ಚಿಕಿತ್ಸೆಯ ದಿನಗಳಲ್ಲಿ ಕಪ್ಪೆಯನ್ನು ಬರೀ ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿಟ್ಟು ಟಿಶ್ಯೂವನ್ನು ದಿನಾ ಎಸೆಯಿರಿ. ಹಳೆ ಮಣ್ಣು, ಪಾಚಿ, ಮರದ ತುಂಡು ಯಾವುದನ್ನೂ ಉಳಿಸಿಕೊಳ್ಳಬೇಡಿ. ಗಾಜಿನ ತೊಟ್ಟಿಗೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ 15 ನಿಮಿಷ ಬಿಟ್ಟು, ತೊಳೆದು, ಪೂರ್ತಿ ಒಣಗಿಸಿ. ತೊಟ್ಟಿಯ ನೀರನ್ನು ಬ್ಲೀಚ್ ಹಾಕದೆ ಹೊರಗಿನ ಕೆರೆ, ಹಳ್ಳ, ಚರಂಡಿಗೆ ಚೆಲ್ಲಬೇಡಿ. ಅಲ್ಲಿನ ಕಾಡುಕಪ್ಪೆಗಳಿಗೆ ಅದೇ ಯಮನಾಗುತ್ತದೆ. ಹೊಸ ಕಪ್ಪೆ ತಂದಾಗ ಕನಿಷ್ಠ 30 ದಿನ, ಸಾಧ್ಯವಾದರೆ 60 ದಿನ, ಬೇರೆ ಕೋಣೆಯಲ್ಲಿಡಿ.

ತೊಡೆ ಕೆಂಪಾಗಿದ್ದರೆ

ತೊಡೆಯ ಒಳಗೆ, ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಆಮೇಲೆ ಹರಡಿದ ಕೆಂಪು. ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದೆ. ಇವು ಎಲ್ಲ ನೀರಿನಲ್ಲೂ ಇರುವಂಥವು. ಕಪ್ಪೆ ಕುಗ್ಗಿದಾಗ ಮೇಲುಗೈ ಪಡೆಯುತ್ತವೆ. ಹೊಲಸು ನೀರು, ಕಿಕ್ಕಿರಿದ ತೊಟ್ಟಿ ಮತ್ತು ಈಗಷ್ಟೇ ಮುಗಿದ ಶಿಶಿರನಿದ್ರೆ ಮುಖ್ಯ ಕಾರಣ. ಬೇಕಾದದ್ದು ವೈದ್ಯರು ತೂಕ ನೋಡಿ ಕೊಡುವ ಆ್ಯಂಟಿಬಯೋಟಿಕ್. ಮೀನಿನ ಔಷಧಿಯನ್ನು ಅಂದಾಜಿನಲ್ಲಿ ಸುರಿದು ದಿನ ಕಳೆಯಬೇಡಿ. ಒರಟು ಕಲ್ಲಿಗೆ ಉಜ್ಜಿಯೂ ತೊಡೆ ಕೆಂಪಾಗಬಹುದು. ಆದರೆ ಆಗ ಕಪ್ಪೆ ಚುರುಕಾಗಿರುತ್ತದೆ, ತಿನ್ನುತ್ತದೆ.

ಮೈ ಬಲೂನಿನಂತೆ ಊದಿದ್ದರೆ

ಗಾಳಿ ತುಂಬಿ ಊದಿಕೊಳ್ಳುವುದು ಹೆದರಿದ ಕಪ್ಪೆಯ ಲಕ್ಷಣ, ಅದು ನಿಮಿಷಗಳಲ್ಲಿ ಇಳಿಯುತ್ತದೆ. ಚರ್ಮದ ಕೆಳಗೆ ನೀರು ತುಂಬಿದ್ದರೆ ಮೈ ಜೆಲ್ಲಿಯಂತೆ ತುಳುಕುತ್ತದೆ, ತೊಡೆ ಕೂಡ ದಪ್ಪಗಿರುತ್ತದೆ. ಮೂತ್ರಪಿಂಡ, ದುಗ್ಧರಸದ ಹೃದಯ (ದುಗ್ಧರಸವನ್ನು ರಕ್ತಕ್ಕೆ ತಳ್ಳುವ ಪುಟ್ಟ ಅಂಗ) ಅಥವಾ ಸೋಂಕು, ಯಾವುದಾದರೂ ಕಾರಣವಿರಬಹುದು. ವೈದ್ಯರು ಸಿಗುವವರೆಗೆ ಮಾಡಬಹುದಾದದ್ದು, ಒಳಗೆ ಇನ್ನಷ್ಟು ನೀರು ಹೋಗದಂತೆ ತಡೆಯುವುದು. ಸಾದಾ ನೀರಿನ ಬದಲು ಕಪ್ಪೆಯ ರಿಂಗರ್ ದ್ರಾವಣದಲ್ಲಿ ಕೂರಿಸಿ: 1 ಲೀಟರ್ ಶುದ್ಧೀಕರಿಸಿದ ನೀರಿಗೆ ಸೋಡಿಯಂ ಕ್ಲೋರೈಡ್ 6.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.15 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 0.2 ಗ್ರಾಂ, ಎಲ್ಲ ಕರಗಿದ ಮೇಲೆ ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ 0.15 ಗ್ರಾಂ. ಕ್ಯಾಲ್ಸಿಯಂ ಮೊದಲೇ ಹಾಕಿದರೆ ತಳದಲ್ಲಿ ಬಿಳಿ ಗಸಿ ನಿಲ್ಲಬಹುದು. ಅಯೋಡಿನ್ ಬೆರೆತ ಅಡುಗೆ ಉಪ್ಪು ಬೇಡ. ದ್ರಾವಣವನ್ನು ದಿನಾ ಬದಲಿಸಿ. ಮೈ ಒಣಗಿ ಕಣ್ಣು ಗುಳಿಬಿದ್ದ ಕಪ್ಪೆಗೆ ಮಾತ್ರ ಸಾದಾ ನೀರೇ ಮದ್ದು; ಇವೆರಡನ್ನು ಅದಲುಬದಲು ಮಾಡಬೇಡಿ.

ಬೇಟೆ ತಪ್ಪುತ್ತಿದ್ದರೆ, ಕಾಲು ನಡುಗುತ್ತಿದ್ದರೆ

ಹುಳುವನ್ನು ನೋಡುತ್ತದೆ, ಹಾರುತ್ತದೆ, ನಾಲಿಗೆ ಹುಳುವಿಗೆ ತಾಗುತ್ತದೆ, ಆದರೆ ಅಂಟುವುದಿಲ್ಲ. ಇದು ಹಟವೂ ಅಲ್ಲ, ಕುರುಡೂ ಅಲ್ಲ. ವಿಟಮಿನ್ ಎ ಕೊರತೆಯಿಂದ ನಾಲಿಗೆಯ ಲೋಳೆ ಗ್ರಂಥಿಗಳು ಒಣಗಿ ಅಂಟೇ ಇಲ್ಲವಾಗಿದೆ. ಬೀಟಾ ಕ್ಯಾರೋಟಿನ್ ಇರುವ ಪುಡಿ ಉದುರಿಸಿದರೆ ಪ್ರಯೋಜನ ಕಡಿಮೆ, ಬಹುತೇಕ ಕಪ್ಪೆಗಳು ಅದನ್ನು ಸರಿಯಾಗಿ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವುದಿಲ್ಲ. ಲೇಬಲ್ ಮೇಲೆ ರೆಟಿನಾಲ್, ಅಂದರೆ ಸಿದ್ಧ ವಿಟಮಿನ್ ಎ, ಎಂದಿರುವ ಪುಡಿ ಬೇಕು. ಅತಿಯಾದರೆ ಅದೂ ವಿಷ, ಹಾಗಾಗಿ ಪ್ರಮಾಣ ವೈದ್ಯರಿಂದ ಕೇಳಿ.

ಬೆರಳು ಅದುರುವುದು, ದವಡೆ ರಬ್ಬರಿನಂತೆ ಬಾಗುವುದು, ಬೆನ್ನು ಡೊಂಕಾಗುವುದು ಕ್ಯಾಲ್ಸಿಯಂ ಕೊರತೆ. ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಕಪ್ಪೆಗೆ ಬೇಕಾದದ್ದು ಹೆಚ್ಚುಕಡಿಮೆ ಒಂದೂವರೆ–ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ. ಬೆಳೆಯುವ ಮರಿಗಳ ಹುಳುಗಳಿಗೆ ಪ್ರತಿ ಸಲವೂ ಕ್ಯಾಲ್ಸಿಯಂ ಪುಡಿ ಸವರಬೇಕು. ಜತೆಗೆ ವಿಟಮಿನ್ ಡಿ3 ಅಥವಾ ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ದೀಪ ಬೇಕು. ಗಾಜು ಯುವಿಬಿಯನ್ನು ತಡೆಯುತ್ತದೆ, ಆದ್ದರಿಂದ ದೀಪ ಜಾಲರಿಯ ಮೇಲಿರಲಿ.

ನೀರು ಬದಲಿಸಿದ ಕೂಡಲೇ ಹುಚ್ಚೆದ್ದು ಒದ್ದಾಡುತ್ತಿದ್ದರೆ ಯೋಚಿಸುತ್ತ ನಿಲ್ಲಬೇಡಿ: ನೀರಿನಲ್ಲಿ ಕ್ಲೋರಿನ್, ಅಮೋನಿಯ ಅಥವಾ ಸೋಪಿದೆ. ಕಪ್ಪೆಯನ್ನು ಒಳ್ಳೆ ನೀರಿಗೆ ಹಾಕಿ, ಅದನ್ನು ಮತ್ತೆ ಮತ್ತೆ ಬದಲಿಸಿ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಮೀನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ್ದು) ಹೋಗುವುದಿಲ್ಲ. ಅದಕ್ಕೆ ಡಿಕ್ಲೋರಿನೇಟರ್ ದ್ರವ ಬೇಕೇ ಬೇಕು. ಮಲದ್ವಾರದಿಂದ ಕೆಂಪು ಮಾಂಸ ಹೊರಬಂದಿದ್ದರೆ ಗಾಢವಾದ ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಮುಚ್ಚಿ, ಒಣಗಲು ಬಿಡದೆ ವೈದ್ಯರ ಬಳಿ ಓಡಿ.

ನಿಜವಾದ ಶಿಶಿರನಿದ್ರೆ

ಸಾಕಿದ ಕಪ್ಪೆ ಬದುಕಲು ಶಿಶಿರನಿದ್ರೆ ಅನಿವಾರ್ಯವಲ್ಲ. ತಂಪು ನಾಡಿನ ಜಾತಿಗಳನ್ನು ಮರಿ ಮಾಡಿಸಬೇಕೆಂದರೆ ಮಾತ್ರ ಈ ತಾಪತ್ರಯ. ಬೆಂಕಿಹೊಟ್ಟೆ ಕಪ್ಪೆಗೆ 8–12 ಡಿಗ್ರಿಯಲ್ಲಿ ಆರೆಂಟು ವಾರ ಸಾಕು. ಚಳಿ ಹೆಚ್ಚಿರುವ ನಾಡಿನ ಜಾತಿಗಳಿಗೆ 4–5 ಡಿಗ್ರಿ, 8ರಿಂದ 12 ವಾರ. ಹುಟ್ಟಿ ವರ್ಷ ತುಂಬದ ಮರಿ, ಸೊರಗಿದ ಕಪ್ಪೆ, ಕಳೆದ ಎರಡು ತಿಂಗಳಲ್ಲಿ ಕಾಯಿಲೆ ಬಿದ್ದದ್ದು ಇವಕ್ಕೆ ಬೇಡ. ಚಳಿಯಲ್ಲಿ ರೋಗನಿರೋಧಕ ಶಕ್ತಿಯೂ ಮಲಗುತ್ತದೆ. ಮೈಯಲ್ಲಿ ಅಡಗಿದ್ದ ಸಣ್ಣ ಸೋಂಕು ಎಚ್ಚರವಾಗಿಯೇ ಇರುತ್ತದೆ.

ಮೊದಲು ಎರಡು ವಾರ ಊಟ ನಿಲ್ಲಿಸಿ, ಆದರೆ ತಾಪಮಾನ ಇಳಿಸಬೇಡಿ. ಹೊಟ್ಟೆ ಖಾಲಿಯಾಗಬೇಕಾದರೆ ಮೈ ಬೆಚ್ಚಗಿರಬೇಕು. ಊಟ ನಿಲ್ಲಿಸಿದ ದಿನವೇ ತಣ್ಣಗೆ ಮಾಡಿದರೆ ಜೀರ್ಣಕ್ರಿಯೆ ನಿಂತು, ಹೊಟ್ಟೆಯಲ್ಲಿನ ಹುಳು ಅಲ್ಲೇ ಕೊಳೆತು ಕಪ್ಪೆ ಊದಿ ಸಾಯುತ್ತದೆ. ನೀರಿನ ಬಟ್ಟಲು ಮಾತ್ರ ಕೊನೆಯವರೆಗೂ ಇರಲಿ. ಆಮೇಲೆ ಒಂದು ವಾರ 15 ಡಿಗ್ರಿ, ಇನ್ನೊಂದು ವಾರ 10 ಡಿಗ್ರಿ, ಬಳಿಕ ಗುರಿಯ ತಾಪಮಾನ. ಬೆಳಕನ್ನೂ ದಿನಕ್ಕೆ 12 ಗಂಟೆಯಿಂದ 8ಕ್ಕೆ ಇಳಿಸುತ್ತ ಬನ್ನಿ.

ಫ್ರಿಜ್ ಬಳಸುವುದಾದರೆ ಕಪ್ಪೆ ಇಡುವ ವಾರ ಮೊದಲೇ ಅದನ್ನು ಖಾಲಿ ಓಡಿಸಿ, ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಒಳಗಿಟ್ಟು ನೋಡಿ. 2ರ ಕೆಳಗೆ ಒಮ್ಮೆ ಇಳಿದರೂ ಆ ಫ್ರಿಜ್ ಬೇಡ. ನೀರು ತುಂಬಿದ ನಾಲ್ಕೈದು ಬಾಟಲಿ ಇಟ್ಟರೆ ತಾಪಮಾನ ಅಷ್ಟಾಗಿ ಏರಿಳಿಯದು. ಡಬ್ಬಿ ಹಿಂದಿನ ಗೋಡೆಗೆ ತಾಗಬಾರದು, ಹಿಮ ಕಟ್ಟುವುದು ಅಲ್ಲೇ. ಮರಗಪ್ಪೆಯ ಕೆಲವು ಬಂಧುಗಳು, ಉತ್ತರ ಅಮೆರಿಕದ ವುಡ್ ಕಪ್ಪೆ ಇವು ಮೈ ಹೆಪ್ಪುಗಟ್ಟಿದರೂ ಬದುಕುತ್ತವೆ. ವುಡ್ ಕಪ್ಪೆ ರಕ್ತದಲ್ಲಿ ಗ್ಲೂಕೋಸ್ ತುಂಬಿಕೊಂಡು ಕೋಶಗಳನ್ನು ಕಾಪಾಡಿಕೊಳ್ಳುತ್ತದೆ. ಉಳಿದ ಹೆಚ್ಚಿನ ಕಪ್ಪೆಗಳಿಗೆ ಹಿಮ ಎಂದರೆ ಸಾವು. ಡಬ್ಬಿಯಲ್ಲಿ 10 ಸೆಂಟಿಮೀಟರ್ ತೇವದ ಸ್ಫ್ಯಾಗ್ನಮ್ ಪಾಚಿ, ಮುಚ್ಚಳದಲ್ಲಿ ಹತ್ತಿಪ್ಪತ್ತು ಸಣ್ಣ ತೂತು ಇರಲಿ. ವಾರಕ್ಕೆರಡು ಸಲ ಫ್ರಿಜ್ ಬಾಗಿಲು ತೆರೆದು ಗಾಳಿಯಾಡಿಸಿ.

ನೀರಿನ ತಳದಲ್ಲಿ ಚಳಿಗಾಲ ಕಳೆಯುವ ಕೊಳದ ಕಪ್ಪೆಗಳಿಗೆ ಪಾಚಿಯ ಡಬ್ಬಿ ಸರಿಹೋಗದು. ಅವು ಚರ್ಮದಿಂದಲೇ ನೀರಿನ ಆಮ್ಲಜನಕ ಹೀರುತ್ತವೆ. 4 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 25 ಡಿಗ್ರಿಯಲ್ಲಿ 8 ಚಿಲ್ಲರೆ. ಆದರೆ ತಳದಲ್ಲಿ ಎಲೆ, ಕೆಸರು ಕೊಳೆಯುತ್ತಿದ್ದರೆ ಅದೆಲ್ಲ ಅಲ್ಲೇ ಖರ್ಚಾಗಿ ಕಪ್ಪೆ ಉಸಿರುಗಟ್ಟುತ್ತದೆ. ಕೆಸರು ಹಾಕದೆ, ಏರ್ ಪಂಪಿನಿಂದ ಮೆಲ್ಲಗೆ ಗುಳ್ಳೆ ಬಿಡಿ.

ನಡುವೆ ಕೆಡುವುದು ಹೀಗೆ

ಎರಡು ವಾರಕ್ಕೊಮ್ಮೆ ತೂಗಿ. ಮಲಗಿಸಿದ ದಿನದ ತೂಕದಲ್ಲಿ 10 ಶೇಕಡಾ ಇಳಿದಿದ್ದರೆ, ಅಂದರೆ 52 ಗ್ರಾಮಿನದು 46.8ಕ್ಕೆ ಬಂದಿದ್ದರೆ, ನಿದ್ದೆ ಅಲ್ಲಿಗೆ ಮುಗಿಸಿ. ಅದಕ್ಕೆ ಮೊದಲು ಪಾಚಿ ಒಣಗಿದೆಯೇ ನೋಡಿ. ಒಣಗಿದ್ದರೆ ಇಳಿದದ್ದು ನೀರಿನ ತೂಕ. ತಣ್ಣನೆಯ ನೀರಲ್ಲಿ ಒಂದು ಗಂಟೆ ಕೂರಿಸಿ ಮತ್ತೆ ತೂಗಿದರೆ ಗೊತ್ತಾಗುತ್ತದೆ. ಕಪ್ಪೆ ದಿನಾ ಜಾಗ ಬದಲಿಸುತ್ತಿದ್ದರೆ ಫ್ರಿಜ್ ಸಾಕಷ್ಟು ತಣ್ಣಗಿಲ್ಲ: 8–10 ಡಿಗ್ರಿಯಲ್ಲಿ ಚಳಿ ನಾಡಿನ ಕಪ್ಪೆ ಪೂರ್ತಿ ಮಲಗುವುದೂ ಇಲ್ಲ, ತಿನ್ನುವುದೂ ಇಲ್ಲ, ಕೊಬ್ಬು ಮಾತ್ರ ಕರಗುತ್ತದೆ. ಪಾಚಿಯ ಮೇಲೆ ಬೂಸ್ಟು ಕಂಡರೆ ಪಾಚಿಯನ್ನೇ ಬದಲಿಸಿ, ಹೊಸದನ್ನು ಅದೇ ಫ್ರಿಜ್‌ನಲ್ಲಿ ತಣ್ಣಗೆ ಮಾಡಿಕೊಂಡು ಹಾಕಿ. ಹೊಟ್ಟೆ ಊದಿದೆ, ತೊಡೆ ಕೆಂಪಾಗಿದೆ ಎಂದರೆ ಕಾಯಬೇಡಿ, ಎಬ್ಬಿಸಿ.

ಎಬ್ಬಿಸುವುದೂ ಮೆಟ್ಟಿಲಿಳಿದ ಹಾಗೇ, ಅವಸರವಿಲ್ಲದೆ: 10 ಡಿಗ್ರಿಯಲ್ಲಿ ಎರಡು ಮೂರು ದಿನ, 15ರಲ್ಲಿ ಎರಡು ಮೂರು ದಿನ, ಆಮೇಲೆ ಎಂದಿನ ತಾಪಮಾನ. ಮೊದಲು ನೀರು, ಊಟ ಆಮೇಲೆ. ಎಂದಿನ ಬಿಸಿಗೆ ಬಂದು ಎರಡು ದಿನ ಕಳೆದ ಮೇಲೆ ಸಣ್ಣದೊಂದು ಹುಳು ಕೊಡಿ. ಮುಂದಿನ ಎರಡು ವಾರ ದಿನಾ ತೊಡೆ ನೋಡಿ.

ಏಳಲೇ ಇಲ್ಲವೆಂದರೆ? 5 ಡಿಗ್ರಿಯಲ್ಲಿ ಗಂಟಲು ಅದುರದಿರುವುದು, ಮಗುಚಿಕೊಳ್ಳಲು ತೀರ ತಡಮಾಡುವುದು ಸಾವಿನ ಗುರುತಲ್ಲ. 12–15 ಡಿಗ್ರಿಯಲ್ಲಿ ಒದ್ದೆ ಟಿಶ್ಯೂ ಮೇಲೆ ಮಲಗಿಸಿ, ಪಕ್ಕದಿಂದ ಟಾರ್ಚ್ ಹಿಡಿದು ಎದೆಯ ಚರ್ಮವನ್ನು ಎರಡು ಮೂರು ನಿಮಿಷ ರೆಪ್ಪೆ ಮಿಟುಕಿಸದೆ ನೋಡಿ. ಹೃದಯ ಬಡಿಯುತ್ತಿದ್ದರೆ ಚರ್ಮ ಅಷ್ಟಷ್ಟೇ ಮೇಲೆದ್ದು ಇಳಿಯುವುದು ಕಾಣುತ್ತದೆ. ಒದ್ದೆ ಹತ್ತಿಕಡ್ಡಿಯಿಂದ ಕಣ್ಣಿನ ಅಂಚು ಮುಟ್ಟಿದರೆ ಜೀವವಿರುವ ಕಪ್ಪೆ ಕಣ್ಣನ್ನು ಒಳಗೆಳೆದುಕೊಳ್ಳುತ್ತದೆ. 24 ಗಂಟೆಯಾದರೂ ಎರಡೂ ಇಲ್ಲ, ಕಣ್ಣು ಮಂಜಾಗಿದೆ, ವಾಸನೆ ಬರುತ್ತಿದೆ ಎಂದರೆ ಅದು ಹೋಗಿದೆ. ಅದೇ ಡಬ್ಬಿಯಲ್ಲೋ ಫ್ರಿಜ್‌ನಲ್ಲೋ ಬೇರೆ ಕಪ್ಪೆಗಳಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಶವವನ್ನು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಸೂಕ್ಷ್ಮದರ್ಶಕದಡಿ ಏನೂ ತಿಳಿಯುವುದಿಲ್ಲ. 24 ಗಂಟೆಯೊಳಗೆ ವೈದ್ಯರಿಗೆ ತಲುಪಿಸಿ, ತೂಕ ಮತ್ತು ತಾಪಮಾನ ಬರೆದಿಟ್ಟ ಹಾಳೆಯನ್ನೂ ಜತೆಗೆ ಕೊಡಿ.